ಕುಕ್ಕರಗಾಲಿಗೆ ಶುಲ್ಕ ತೆರುವ ಕಾಲ

ನಮ್ಮ ಬಡಾವಣೆಯಲ್ಲಿ ಏಳುತ್ತಿರುವ ವಸತಿ ಸಮುಚ್ಚಯವೊಂದರಲ್ಲಿ ನೆಲಕ್ಕೆ ಟೈಲ್ಸ್ ಹಾಸುವ ಕೆಲಸಗಾರರು ರಾಯಚೂರು, ಯಾದಗಿರಿ ಕಡೆಯವರು. ಅವರು ಕೆಲಸ ಮಾಡುವುದು, ಬೀಡಿ ಸೇದುವುದು, ಮಧ್ಯಾಹ್ನ ರೊಟ್ಟಿಯ ಗಂಟು ಬಿಚ್ಚಿ ಉಣ್ಣುವುದು ಎಲ್ಲವೂ ಕುಕ್ಕರಗಾಲಿನಲ್ಲಿಯೇ. ಹಿಮ್ಮಡಿ ನೆಲಕ್ಕೆ ಊರಿರುತ್ತದೆ, ಮುಖದಲ್ಲಿ ಶ್ರಮದ ಲಕ್ಷಣವಿರುವುದಿಲ್ಲ. ಅದೇ ರಸ್ತೆಯ ವ್ಯಾಯಾಮಶಾಲೆಯಲ್ಲಿ ಅದೇ ಭಂಗಿಗೆ ಇಂಗ್ಲಿಷ್ ಹೆಸರಿದೆ, ತಿಂಗಳ ಶುಲ್ಕವಿದೆ, ತರಬೇತುದಾರನಿದ್ದಾನೆ. ಇಪ್ಪತ್ತೈದರ ತರುಣನೊಬ್ಬ ಕಬ್ಬಿಣದ ಸರಳನ್ನು ಹೆಗಲ ಮೇಲಿಟ್ಟುಕೊಂಡು 'ಸ್ಕ್ವಾಟ್' ಮಾಡಲು ಇಳಿಯುತ್ತಾನೆ. ಅರ್ಧಕ್ಕೆ ಬರುವಷ್ಟರಲ್ಲಿ ಹಿಮ್ಮಡಿ ಮೇಲೇಳುತ್ತದೆ, ಮಂಡಿಗಳು ಒಳಕ್ಕೆ ವಾಲುತ್ತವೆ, ಕೆಳಬೆನ್ನು ಬಿಲ್ಲಿನಂತೆ ಬಾಗುತ್ತದೆ. ತರಬೇತುದಾರನ ಬಾಯಲ್ಲಿ ಬರುವುದು ಒಂದೇ ಮಾತು: 'ಇನ್ನೂ ಕೆಳಗೆ.'

ಮೂವತ್ತು ವರ್ಷ ದೈಹಿಕ ಶಿಕ್ಷಣದ ಅಧ್ಯಾಪಕನಾಗಿದ್ದು ನಿವೃತ್ತನಾದ ನನ್ನ ಬಳಿಗೆ ಇಂಥ ತರುಣರು ಸೊಂಟ ಹಿಡಿದುಕೊಂಡು ಬರುತ್ತಾರೆ. ಅವರಲ್ಲಿ ಬಲಕ್ಕೆ ಕೊರತೆಯಿಲ್ಲ. ಕೊರತೆ ಇರುವುದು ಕೀಲುಗಳ ಚಲನೆಯಲ್ಲಿ; ಅದರಲ್ಲಿಯೂ ಅವರು ಎಂದೂ ಅನುಮಾನಿಸದ ಒಂದು ಕೀಲಿನಲ್ಲಿ. ಪಾದವು ಕಾಲಿಗೆ ಸೇರುವ ಹರಡಿನ ಕೀಲು ಅದು. ಬೆನ್ನು ನೋಯುತ್ತಿದೆಯೆಂದು ಬಂದವನ ಪಾದವನ್ನು ನಾನು ಮೊದಲು ನೋಡುವುದರಿಂದ ಕೆಲವರಿಗೆ ನನ್ನ ಮೇಲೆ ಅಪನಂಬಿಕೆಯೂ ಉಂಟು.

ಇದರ ಹಿಂದಿನ ತರ್ಕ ಸರಳವಾದುದು. ಕುಳಿತುಕೊಳ್ಳುವಾಗ ಸೊಂಟ, ಮಂಡಿ, ಹರಡು ಮೂರೂ ಏಕಕಾಲಕ್ಕೆ ಮಡಿಚಿಕೊಳ್ಳುತ್ತವೆ. ಇಡೀ ದೇಹದ ಭಾರ ಪಾದದ ಮೇಲೆಯೇ ಉಳಿಯಬೇಕು. ಇಲ್ಲದಿದ್ದರೆ ಮನುಷ್ಯ ಹಿಂದಕ್ಕೆ ಉರುಳುತ್ತಾನೆ. ಪೃಷ್ಠಭಾಗ ಹಿಂದಕ್ಕೆ ಸರಿದಂತೆ ಮಂಡಿ ಮುಂದಕ್ಕೆ ಸಾಗಬೇಕು, ಮಂಡಿ ಸಾಗಬೇಕಾದರೆ ಕಣಕಾಲು ಪಾದದ ಮೇಲೆ ಮುಂದಕ್ಕೆ ಬಾಗಬೇಕು. ಮೀನಖಂಡದ ಸ್ನಾಯುಗಳೂ ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜುವೂ ಬಿಗಿದುಕೊಂಡಿದ್ದರೆ ಈ ಬಾಗು ಸಿಗುವುದಿಲ್ಲ. ಆಗ ದೇಹ ಬೇರೆ ದಾರಿ ಹುಡುಕುತ್ತದೆ: ಹಿಮ್ಮಡಿ ಎತ್ತುತ್ತದೆ, ಇಲ್ಲವೇ ಪಾದವನ್ನು ಒಳಕ್ಕೆ ಕುಸಿಸಿ ಮಂಡಿಯನ್ನು ಓರೆಯಾಗಿಸುತ್ತದೆ, ಇಲ್ಲವೇ ಎದೆಯನ್ನು ಅತಿಯಾಗಿ ಮುಂದಕ್ಕೆ ಬಾಗಿಸಿ ಸಮತೋಲ ಕಾಯ್ದುಕೊಳ್ಳುತ್ತದೆ. ಬರಿಗೈಯಲ್ಲಿ ಇದರಿಂದ ದೊಡ್ಡ ಅಪಾಯವೇನೂ ಇಲ್ಲ. ಹೆಗಲ ಮೇಲೆ ಅರವತ್ತು ಕಿಲೋ ಇದ್ದಾಗ ಆ ಬಾಗಿನ ಲೆಕ್ಕವನ್ನೆಲ್ಲ ತೀರಿಸಬೇಕಾದುದು ಕೆಳಬೆನ್ನು.

ದೋಷ ಯಾವ ಕೀಲಿನದು ಎಂದು ತಿಳಿಯಲು ಯಂತ್ರಗಳು ಬೇಕಿಲ್ಲ. ಹಿಮ್ಮಡಿಯ ಕೆಳಗೆ ಎರಡು ಬೆರಳು ದಪ್ಪದ ಹಲಗೆಯನ್ನೋ ಹಳೆಯ ಪುಸ್ತಕವನ್ನೋ ಇಟ್ಟು ಕುಳಿತು ನೋಡಬೇಕು. ತಟ್ಟನೆ ಆಳಕ್ಕೆ ಇಳಿಯಲು ಸಾಧ್ಯವಾದರೆ ತಪ್ಪಿತಸ್ಥ ಹರಡು. ಅಂಗಾತ ಮಲಗಿ ಎರಡೂ ಮಂಡಿಗಳನ್ನು ಎದೆಯತ್ತ ಎಳೆದುಕೊಂಡಾಗ ಸೊಂಟ ಸಲೀಸಾಗಿ ಮಡಿಚಿದರೆ ಸೊಂಟದ ಕೀಲು ನಿರ್ದೋಷಿ. ಕಿಟಕಿಯ ಸರಳು ಹಿಡಿದಾಗ ನಿರಾಯಾಸವಾಗಿ ಕೂರುವವನು ಕೈಬಿಟ್ಟೊಡನೆ ಉರುಳುವುದಾದರೆ, ಅವನಿಗೆ ಬೇಕಾದುದು ಬಹುಮಟ್ಟಿಗೆ ಸಮತೋಲದ ಅಭ್ಯಾಸ. ಇನ್ನೊಂದು ಪರೀಕ್ಷೆಯನ್ನು ಭೌತಚಿಕಿತ್ಸಕರು ಬಳಸುತ್ತಾರೆ. ಗೋಡೆಗೂ ಕಾಲಿನ ಹೆಬ್ಬೆರಳಿಗೂ ಸುಮಾರು 10 ಸೆಂಟಿಮೀಟರ್ ಅಂತರವಿಟ್ಟು, ಹಿಮ್ಮಡಿ ಎತ್ತದೆ ಮಂಡಿಯಿಂದ ಗೋಡೆಯನ್ನು ಮುಟ್ಟಬೇಕು. ನನ್ನ ಬಳಿ ಬರುವವರಲ್ಲಿ ಅನೇಕರಿಗೆ ಅದರ ಅರ್ಧವೂ ಸಾಧ್ಯವಾಗುವುದಿಲ್ಲ.

ಹರಡು ಹೀಗೆ ಮರಗಟ್ಟಿದ್ದು ಹೇಗೆ? ಇದು ಹುಟ್ಟಿನಿಂದ ಬಂದ ದೋಷವಲ್ಲ. ಒಂದು ವರ್ಷ ದಾಟಿದ ಯಾವ ಮಗುವನ್ನಾದರೂ ಗಮನಿಸಿ: ನೆಲದ ಮೇಲಿನ ಆಟಿಕೆಯನ್ನು ಎತ್ತಿಕೊಳ್ಳಲು ಅದು ಬಗ್ಗುವುದಿಲ್ಲ, ಹಿಮ್ಮಡಿಯೂರಿ ಕೂರುತ್ತದೆ. ಲಾಹೋರಿನ ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಿದ್ದ ಹ್ಯಾವ್‌ಲಾಕ್ ಚಾರ್ಲ್ಸ್ ಎಂಬ ವೈದ್ಯ 1893ರಲ್ಲಿ ಪಂಜಾಬಿಗಳ ಕಾಲಿನ ಮೂಳೆಗಳನ್ನು ಕುರಿತು ದೀರ್ಘ ಲೇಖನ ಪ್ರಕಟಿಸಿದ. ಕಣಕಾಲಿನ ಮೂಳೆಯ ಕೆಳತುದಿಯ ಮುಂಭಾಗದಲ್ಲಿಯೂ ಅದಕ್ಕೆ ಎದುರಾದ ಪಾದದ ಮೂಳೆಯಲ್ಲಿಯೂ ಅವನು ಸಣ್ಣ ನುಣುಪಾದ ಗುರುತುಗಳನ್ನು ಕಂಡಿದ್ದ. ಕುಕ್ಕರಗಾಲಿನಲ್ಲಿ ಕೂತಾಗ ಆ ಎರಡು ಮೂಳೆಗಳು ಪರಸ್ಪರ ತಾಗುವ ಸ್ಥಳ ಅದು. ಕುರ್ಚಿಗೆ ಒಗ್ಗಿದ ಯೂರೋಪಿಯನ್ನರ ಮೂಳೆಗಳಲ್ಲಿ ಅದು ಅಪರೂಪ. ಹಳೆಯ ಸಮಾಧಿಗಳಲ್ಲಿ ಸಿಕ್ಕ ಅಸ್ಥಿಗಳನ್ನು ನೋಡಿ ಆ ಜನ ಹೇಗೆ ಕೂರುತ್ತಿದ್ದರೆಂದು ಊಹಿಸಲು ವಿದ್ವಾಂಸರು ಇಂದಿಗೂ ಈ ಗುರುತನ್ನು ಹುಡುಕುತ್ತಾರೆ. ನಮ್ಮ ನಗರಗಳ ಇಂದಿನ ತಲೆಮಾರು ಅಂಥ ಯಾವ ಸಾಕ್ಷ್ಯವನ್ನೂ ಬಿಟ್ಟುಹೋಗುವಂತೆ ಕಾಣುವುದಿಲ್ಲ.

ಮಧ್ಯಮವರ್ಗದ ಮನೆಗಳಲ್ಲಿ ಈ ಭಂಗಿ ಒಂದೇ ದಿನ ಮಾಯವಾದದ್ದಲ್ಲ. ಮೊದಲು ಒಲೆ ನೆಲದಿಂದ ಕಟ್ಟೆಗೆ ಏರಿತು. ಈಳಿಗೆಮಣೆಯ ಜಾಗಕ್ಕೆ ಚಾಕು ಬಂತು. ಊಟದ ಮಣೆ ಅಟ್ಟ ಸೇರಿ ಡೈನಿಂಗ್ ಟೇಬಲ್ ನಡುಮನೆಯನ್ನು ಆಕ್ರಮಿಸಿತು. ಕಡೆಯದಾಗಿ, ದಿನಕ್ಕೊಮ್ಮೆಯಾದರೂ ಎಲ್ಲರನ್ನೂ ಕೂರಿಸುತ್ತಿದ್ದ ಪಾಯಖಾನೆಯಲ್ಲಿಯೂ ಕಮೋಡ್ ಪ್ರತಿಷ್ಠಾಪನೆಗೊಂಡಿತು. ಇವೆಲ್ಲ ಅಗತ್ಯವಾದ ಅನುಕೂಲಗಳೇ. ಹೊಗೆ ಕುಡಿದು, ನೆಲದ ಮೇಲೆ ಬಾಗಿ ಬೇಯಿಸಿದ ನಮ್ಮ ತಾಯಂದಿರ ಮುಂದೆ ನಿಂತು 'ಹಿಂದಿನ ಕಾಲವೇ ಚೆನ್ನಾಗಿತ್ತು' ಎನ್ನುವ ಧೈರ್ಯ ನನಗಿಲ್ಲ. ಆದರೆ ಈ ಅನುಕೂಲಗಳ ಜೊತೆಯಲ್ಲಿ ಹೊರಟುಹೋದ ಚಲನೆಗೆ ಬದಲಿಯಾಗಿ ನಾವು ಏನನ್ನೂ ತಂದುಕೊಳ್ಳಲಿಲ್ಲ.

ಶಾಲೆಯಲ್ಲಾದರೂ ಅದು ಉಳಿಯಬಹುದಿತ್ತು. ಅಲ್ಲಿ ಬಸ್ಕಿ ಎಂದರೆ ಕಿವಿ ಹಿಡಿದುಕೊಂಡು ಮಾಡುವ ಶಿಕ್ಷೆ ಎಂದಾಗಿಬಿಟ್ಟಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡುವುದನ್ನು ನಿಷೇಧಿಸಿತು, ಅದು ನ್ಯಾಯವೇ. ಶಿಕ್ಷೆಯಾಗಿ ಹೋದ ಬಸ್ಕಿ ವ್ಯಾಯಾಮವಾಗಿ ಮರಳಲಿಲ್ಲ ಎಂಬುದಷ್ಟೇ ನನ್ನ ಕೊರಗು. (ಗಣಪತಿಯ ಮುಂದೆ ಕಿವಿ ಹಿಡಿದು ಹಾಕುವ ಅದೇ ಬಸ್ಕಿ ವಿದೇಶಕ್ಕೆ ಹೋಗಿ 'ಸೂಪರ್ ಬ್ರೈನ್ ಯೋಗ' ಎಂಬ ಹೆಸರಿನಲ್ಲಿ, ಬುದ್ಧಿ ಚುರುಕಾಗುತ್ತದೆಂಬ ಭರವಸೆಯೊಡನೆ ಹಿಂದಿರುಗಿದೆ. ಬುದ್ಧಿಯ ಮಾತು ಹಾಗಿರಲಿ, ಮಂಡಿಗೆ ಒಳ್ಳೆಯದು.)

ಗರಡಿಮನೆಯ ಬಸ್ಕಿಯೇ ಬೇರೆ, ಸರಳು ಹೊತ್ತು ಮಾಡುವ ಸ್ಕ್ವಾಟ್ ಬೇರೆ ಎಂಬುದನ್ನು ಇಲ್ಲಿ ಹೇಳಬೇಕು. ಗರಡಿಯಲ್ಲಿ ಪೈಲ್ವಾನ ಕೆಳಗಿಳಿಯುವಾಗ ಹಿಮ್ಮಡಿ ಎತ್ತಿ ತುದಿಗಾಲಿಗೆ ಬರುತ್ತಾನೆ, ಕೈ ಬೀಸುವ ಲಯದಲ್ಲಿ ಮೇಲೇಳುತ್ತಾನೆ; ನೂರಾರು ಸಲ, ಹೆಗಲ ಮೇಲೆ ಭಾರವಿಲ್ಲದೆ. ಅದು ದಮ್ಮಿನ ಅಭ್ಯಾಸ. ಭಾರ ಎತ್ತುವವನಿಗೆ ಪಾದವೆಲ್ಲ ನೆಲದಲ್ಲಿರಬೇಕು. ಕುಂದಾಪುರ ಸೀಮೆಯ ವಂಡ್ಸೆಯಿಂದ ಬಂದ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದರು. ಅಂಥ ಸ್ಪರ್ಧೆಗಳ ಚಿತ್ರವನ್ನು ನೋಡಿದವರಿಗೆ ನೆನಪಿರಬಹುದು: ಸ್ನ್ಯಾಚ್‌ನಲ್ಲಿ ಸರಳು ತಲೆಯ ಮೇಲಿರುವ ಕ್ಷಣದಲ್ಲಿ ಸ್ಪರ್ಧಿ ಅದರ ಅಡಿಯಲ್ಲಿ ಪೂರ್ತಿಯಾಗಿ ಕುಕ್ಕರಗಾಲಿನಲ್ಲಿರುತ್ತಾನೆ. ಬಲಕ್ಕಿಂತ ಮೊದಲು ಆ ಭಂಗಿ ಬೇಕು. ಅಷ್ಟಾಗಿಯೂ ಈ ಕ್ರೀಡಾಪಟುಗಳ ಬೂಟಿಗೆ ಗಟ್ಟಿಯಾದ ಎತ್ತರದ ಹಿಮ್ಮಡಿ ಇರುತ್ತದೆ. ನಾನು ಹೇಳಿದ ಹಲಗೆಯ ಉಪಾಯವನ್ನೇ ಅವರು ಕಾಲಿಗೆ ಕಟ್ಟಿಕೊಂಡಿದ್ದಾರೆ. ಹರಡಿನ ಮಿತಿಯನ್ನು ಒಪ್ಪಿಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ.

'ಪೂರ್ತಿ ಕೂತರೆ ಮಂಡಿ ಸವೆಯುತ್ತದೆ' ಎಂಬ ಭಯ ನಮ್ಮಲ್ಲಿ ಆಳವಾಗಿದೆ. ಅಮೆರಿಕದ ಟೆಕ್ಸಾಸ್‌ನ ಕಾರ್ಲ್ ಕ್ಲೈನ್ 1961ರಲ್ಲಿ ಪ್ರಕಟಿಸಿದ ಅಧ್ಯಯನ ಈ ಭಯಕ್ಕೆ ಶಾಸ್ತ್ರದ ಮುದ್ರೆ ಒತ್ತಿತು. ಆಳವಾದ ಸ್ಕ್ವಾಟ್ ಮಂಡಿಯ ಬಂಧಕಗಳನ್ನು ಸಡಿಲಿಸುತ್ತದೆ ಎಂದು ಆತ ಹೇಳಿದ. ಮುಂದೆ ಅದೇ ಪ್ರಶ್ನೆಯನ್ನು ಪರೀಕ್ಷಿಸಿದವರಿಗೆ ಅಂಥ ಸಡಿಲಿಕೆ ಕಾಣಲಿಲ್ಲ. ಮಂಡಿ ಕಾಲ್ಬೆರಳಿನ ಗೆರೆ ದಾಟಬಾರದೆಂಬ ಇನ್ನೊಂದು ಕಟ್ಟಪ್ಪಣೆಯೂ ಚಾಲ್ತಿಯಲ್ಲಿದೆ. 2003ರ ಒಂದು ಪ್ರಯೋಗದಲ್ಲಿ ಏಳು ಜನ ಅನುಭವಿಗಳ ಮಂಡಿಗೆ ಹಲಗೆ ಅಡ್ಡವಿಟ್ಟು ಈ ನಿಯಮವನ್ನು ಪಾಲಿಸಲಾಯಿತು: ಮಂಡಿಯ ಹೊರೆ ಸ್ವಲ್ಪ ಇಳಿಯಿತು, ಸೊಂಟದ ಹೊರೆ ಹಲವು ಪಟ್ಟು ಏರಿತು. ಪಾದ ಎಷ್ಟು ಅಗಲಿಸಬೇಕು, ಎಷ್ಟು ಹೊರಕ್ಕೆ ತಿರುಗಿಸಬೇಕು ಎಂಬುದಕ್ಕೂ ಎಲ್ಲರಿಗೂ ಸಲ್ಲುವ ಅಳತೆಯಿಲ್ಲ. ಸೊಂಟದ ಗುಳಿಯ ಆಳ, ಅದು ತೆರೆದುಕೊಂಡಿರುವ ದಿಕ್ಕು, ತೊಡೆಮೂಳೆಯ ಉದ್ದ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಉದ್ದ ತೊಡೆಯವನು ಮುಂದಕ್ಕೆ ಹೆಚ್ಚು ಬಾಗಿಯೇ ಕೂರುತ್ತಾನೆ. ಅದನ್ನು ತಿದ್ದಲು ಹೊರಡುವ ತರಬೇತುದಾರ ಮೂಳೆಯ ಜೊತೆ ವಾದ ಮಾಡುತ್ತಿರುತ್ತಾನೆ.

ಹಾಗೆಂದು ಕುಕ್ಕರಗಾಲು ಸರ್ವರೋಗ ನಿವಾರಕವಲ್ಲ. ಬೀಜಿಂಗ್‌ನ ವೃದ್ಧರನ್ನು ಕುರಿತ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಯೌವನದಲ್ಲಿ ದಿನಕ್ಕೆ ಗಂಟೆಗಟ್ಟಲೆ ಹೀಗೆ ಕೂತವರಲ್ಲಿ ಮಂಡಿಯ ಸಂಧಿವಾತ ಹೆಚ್ಚಾಗಿರುವುದನ್ನು ಅದು ತೋರಿಸಿತು. ಬಹುಹೊತ್ತು ಕೂತೇ ದುಡಿಯುವವರಲ್ಲಿ ಮಂಡಿಯ ಪಕ್ಕದ ನರ ಒತ್ತಿಹೋಗಿ ಪಾದ ಎತ್ತಲಾಗದ ಸ್ಥಿತಿ ಬರುವುದೂ ವೈದ್ಯರಿಗೆ ಗೊತ್ತು. ಟೈಲ್ಸ್ ಹಾಸುವ ಆ ಕೆಲಸಗಾರರ ಭಂಗಿಯನ್ನು ನೋಡಿ ಅಸೂಯೆಪಡುವ ನಾವು ಅವರ ದಿನದ ಲೆಕ್ಕವನ್ನು ಮರೆಯಬಾರದು. ಅವರಿಗೆ ಆಯ್ಕೆಯಿಲ್ಲದಷ್ಟು ಹೆಚ್ಚಾಗಿದೆ, ನಮ್ಮಲ್ಲಿ ಲವಲೇಶವೂ ಇಲ್ಲ. ಮಂಡಿ ಬದಲಿ ಶಸ್ತ್ರಚಿಕಿತ್ಸೆ ಆದವರು, ಸಂಧಿವಾತ ಬಲಿತವರು ವೈದ್ಯರ ಮಾತು ಮೀರಿ ಈ ಸಾಹಸಕ್ಕೆ ಕೈಹಾಕಕೂಡದು.

ಉಳಿದವರಿಗೆ ಇದು ವ್ಯಾಯಾಮಶಾಲೆಯ ಶೋಕಿಯ ಮಾತಲ್ಲ. ಬ್ರೆಜಿಲ್ ದೇಶದ ವೈದ್ಯರು 51ರಿಂದ 80 ವಯಸ್ಸಿನ 2002 ಜನರನ್ನು ನೆಲದ ಮೇಲೆ ಕೂತು ಏಳಲು ಹೇಳಿ, ಕೈ ಅಥವಾ ಮಂಡಿ ಊರಿದ ಪ್ರತಿಯೊಂದು ಸಲಕ್ಕೂ ಹತ್ತು ಅಂಕಗಳಲ್ಲಿ ಒಂದನ್ನು ಕಳೆದರು. ಕಡಿಮೆ ಅಂಕ ಪಡೆದವರಲ್ಲಿ ಮುಂದಿನ ವರ್ಷಗಳ ಸಾವಿನ ಪ್ರಮಾಣ ಹೆಚ್ಚಾಗಿತ್ತೆಂದು 2012ರಲ್ಲಿ ವರದಿ ಮಾಡಿದರು. ಏಳಲಾರದ್ದೇ ಸಾವಿಗೆ ಕಾರಣ ಎಂದು ಇದರ ಅರ್ಥವಲ್ಲ. ಒಳಗೆ ಕುಂದುತ್ತಿರುವುದನ್ನು ಅದು ಹೊರಗೆ ತೋರಿಸುತ್ತದೆ. ಬಚ್ಚಲಿನಲ್ಲಿ ಜಾರಿ ಬಿದ್ದ ಹಿರಿಯರೊಬ್ಬರು ಮೂಳೆ ಮುರಿಯದಿದ್ದರೂ ಏಳಲಾರದೆ ಗಂಟೆಗಟ್ಟಲೆ ಬಿದ್ದಲ್ಲೇ ಇದ್ದ ಪ್ರಸಂಗಗಳನ್ನು ನೆರೆಹೊರೆಯಲ್ಲಿ ಕೇಳಿದವರಿಗೆ ಇದರ ಮಹತ್ವ ತಿಳಿದೀತು.

ನನ್ನ ಚಿಕಿತ್ಸೆಯಲ್ಲಿ ಗುಟ್ಟೇನೂ ಇಲ್ಲ. ಗೋಡೆಗೆ ಕೈಯೂರಿ, ಹಿಂದಿನ ಕಾಲಿನ ಹಿಮ್ಮಡಿ ನೆಲದಲ್ಲಿಟ್ಟು ಮೀನಖಂಡವನ್ನು ಅರ್ಧ ನಿಮಿಷ ಹಿಗ್ಗಿಸಬೇಕು. ಮೊದಲು ಮಂಡಿ ನೇರವಾಗಿಟ್ಟು, ಆಮೇಲೆ ಮಂಡಿ ಮಡಿಚಿ. ಅಲ್ಲಿರುವುದು ಎರಡು ಪದರದ ಸ್ನಾಯು, ಮಂಡಿ ಮಡಿಚದೆ ಒಳಪದರಕ್ಕೆ ಸೆಳೆತ ಸರಿಯಾಗಿ ಮುಟ್ಟುವುದಿಲ್ಲ. ಇದನ್ನು ಬಹಳಷ್ಟು ಜನ ಬಿಟ್ಟುಬಿಡುತ್ತಾರೆ. ನಂತರ ಹಿಮ್ಮಡಿಯ ಕೆಳಗೆ ಹಲಗೆಯಿಟ್ಟು, ಕಿಟಕಿಯ ಸರಳು ಹಿಡಿದು, ಮೊಣಕೈಗಳಿಂದ ಮಂಡಿಗಳನ್ನು ಮೆಲ್ಲಗೆ ಹೊರಕ್ಕೆ ಒತ್ತುತ್ತಾ ಒಂದು ನಿಮಿಷ ಕೂರುವುದು. ಹೀಗೆ ದಿನಕ್ಕೆ ಮೂರು ನಾಲ್ಕು ಸಲ. ಪತ್ರಿಕೆ ಓದುವಾಗ ಒಂದು ಸಲ ಆಯಿತೆಂದರೂ ಸರಿ. ಮೊದಲ ವಾರಗಳಲ್ಲಿ ಸಿಗುವ ಸಡಿಲಿಕೆ ಬಹುಮಟ್ಟಿಗೆ ನರಮಂಡಲ ಸೆಳೆತವನ್ನು ಸಹಿಸಲು ಕಲಿಯುವುದರಿಂದ ಬರುತ್ತದೆ. ಸ್ನಾಯು ತಾನೇ ಬದಲಾಗಲು ತಿಂಗಳುಗಳು ಬೇಕು. ಆದ್ದರಿಂದ ಒಂದು ಭಾನುವಾರ ಒಂದು ಗಂಟೆ ಎಳೆದಾಡಿ ಆರು ದಿನ ಸುಮ್ಮನಿರುವುದರಿಂದ ಪ್ರಯೋಜನವಿಲ್ಲ. ಬಲದ ವ್ಯಾಯಾಮವನ್ನೇ ಕೀಲಿನ ಪೂರ್ಣ ವ್ಯಾಪ್ತಿಯಲ್ಲಿ ಮಾಡಿದರೆ ಬರಿಯ ಹಿಗ್ಗಿಸುವಿಕೆಯಷ್ಟೇ ನಮ್ಯತೆ ಬರುತ್ತದೆಂದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2021ರ ಸಮೀಕ್ಷೆ ಹೇಳುತ್ತದೆ. ಅವಸರದ ತರುಣರಿಗೆ ನಾನು ಈ ಮಾತನ್ನು ಹೇಳಿ ಸಮಾಧಾನಪಡಿಸುವುದುಂಟು: ಭಾರ ಕಡಿಮೆಯಿರಲಿ, ಇಳಿಯುವುದು ಪೂರ್ತಿಯಿರಲಿ.

ಕೆಲವು ವಾರಗಳಿಗೊಮ್ಮೆ ಹಲಗೆಯನ್ನು ತೆಳುವಾಗಿಸುತ್ತಾ ಬರಬೇಕು. ಹಲಗೆಯಿಲ್ಲದೆ, ಹಿಮ್ಮಡಿ ಅಲುಗದೆ, ಹತ್ತು ಸಲ ನಿಧಾನವಾಗಿ ಇಳಿದು ಏಳಲು ಬಂದ ದಿನ ಸರಳನ್ನು ಹೆಗಲಿಗೇರಿಸಲು ಹೇಳುತ್ತೇನೆ, ಎರಡು ಬದಿಗೂ ಬಿಲ್ಲೆಗಳನ್ನು ಹಾಕದೆ. ಪುರುಷರ ಸ್ಪರ್ಧೆಯಲ್ಲಿ ಬಳಸುವ ಅಳತೆಯ ಬರಿಯ ಸರಳೇ 20 ಕಿಲೋ ತೂಗುತ್ತದೆ. ಇದನ್ನು ಕೇಳಿದ ತರುಣರ ಮುಖ ಸಪ್ಪಗಾಗುತ್ತದೆ. ಆದರೂ ಹೆಚ್ಚಿನವರು ಮಾರನೆಯ ದಿನ ಬರುತ್ತಾರೆ.