ಕಪಾಟಿನ ಮೇಲಣ ತೆರವು

ಅಡಿಗೆಮನೆಯ ಗೋಡೆಗೆ ಕೂಡಿಸಿದ ಕಪಾಟಿಗೂ ಛಾವಣಿಗೂ ನಡುವೆ ಒಂದೆರಡು ಅಡಿ ತೆರವು ಉಳಿಯುವುದು ಸಾಮಾನ್ಯ. ಧೂಳು, ಜಿಡ್ಡು, ಜಿರಲೆಗಳಿಗೆ ಅದು ನೆಲೆ. ಆದುದರಿಂದ ಸಿಂಧನೂರು, ಲಿಂಗಸುಗೂರು, ಮಸ್ಕಿಗಳಲ್ಲಿ ಹೊಸ ಮನೆ ಕಟ್ಟುವವರು ಅದನ್ನು ಮುಂದಿನಿಂದ ಮುಚ್ಚಿಬಿಡಲು ಬಯಸುವುದುಂಟು. ಯಾವುದರಿಂದ ಮುಚ್ಚಬೇಕು? ಬಡಗಿಯ ಉತ್ತರ ಒಂದಾದರೆ ಗೌಂಡಿಯದು ಇನ್ನೊಂದು. ಭೌತಶಾಸ್ತ್ರವಾದರೋ ಮೊದಲು ನಮ್ಮನ್ನೇ ಪ್ರಶ್ನಿಸುತ್ತದೆ: ಅಲ್ಲಿ ಬೇಕಾದುದು ಅಟ್ಟವೋ, ಬರಿಯ ಮರೆಯೋ?

ಅಟ್ಟವು ಹಂಡೆ, ಕೊಪ್ಪರಿಗೆಗಳ ಭಾರವನ್ನು ಹೊರಬೇಕು. ಅದಕ್ಕೆ ಶಹಾಬಾದಿನ ಪರಸಿಯನ್ನು ಗೋಡೆಯೊಳಗೆ ಹುಗಿದು ನಿಲ್ಲಿಸುವುದು ಯುಕ್ತವೇ. ಮರೆಯು ತನ್ನ ಭಾರವನ್ನಲ್ಲದೆ ಬೇರೇನನ್ನೂ ಹೊರುವುದಿಲ್ಲ. ಒಂದು ಮೀಟರು ಉದ್ದ, ಅರ್ಧ ಮೀಟರು ಅಗಲ, 40 ಮಿಲಿಮೀಟರು ದಪ್ಪದ ಪರಸಿಯ ತೂಕ ಸುಮಾರು 50 ಕಿಲೋಗ್ರಾಂ. ಅಷ್ಟೇ ಉದ್ದಗಲದ 12 ಮಿಲಿಮೀಟರಿನ ಪ್ಲೈವುಡ್ಡು ಸುಮಾರು 4 ಕಿಲೋಗ್ರಾಂ. ಕೆಳಗೆ ನಿಂತು ರೊಟ್ಟಿ ಬಡಿಯುವವರ ತಲೆಯ ದೃಷ್ಟಿಯಿಂದ ಈ ವ್ಯತ್ಯಾಸ ಅಲಕ್ಷಿಸತಕ್ಕದ್ದಲ್ಲ.

ಮರೆಯ ನಿಜವಾದ ಶತ್ರು ಭಾರವಲ್ಲ, ತೇವ. ಬೇಸಗೆಯಲ್ಲಿ 40 ಡಿಗ್ರಿ ಮೀರುವ ನಮ್ಮ ಸೀಮೆಯಲ್ಲಿ ತೇವವೆಲ್ಲಿಯದು ಎಂದು ಓದುಗರು ನಗಬಹುದು. ಆದರೆ ಒಲೆಯ ಮೇಲಿನ ಬಿಸಿಗಾಳಿ ಹಗುರವಾಗಿ ಹಬೆಯೊಡನೆ ನೇರವಾಗಿ ಛಾವಣಿಗೆ ಏರುತ್ತದೆ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರಿನ ಸುತ್ತ ಬತ್ತ ಬೆಳೆಯಿತು. ಅನ್ನ ಕುದಿಯುವಾಗ ಏಳುವಷ್ಟು ಹಬೆ ಜೋಳದ ರೊಟ್ಟಿ ಬೇಯುವಾಗ ಏಳುವುದಿಲ್ಲ! 30 ಡಿಗ್ರಿಯ ಗಾಳಿ ಘನಮೀಟರಿಗೆ ಸುಮಾರು 30 ಗ್ರಾಂ ನೀರಾವಿಯನ್ನು ಧರಿಸಬಲ್ಲದು. 20 ಡಿಗ್ರಿಯ ಗಾಳಿ 17 ಗ್ರಾಂ ಮಾತ್ರ. ಚಳಿಗಾಲದ ಮುಂಜಾನೆ ತಣ್ಣನೆಯ ಛಾವಣಿಯನ್ನು ಮುಟ್ಟಿದ ಹಬೆ ಹನಿಗಟ್ಟುವುದು ಇದರಿಂದಲೇ.

ಮರದ ಹೊಟ್ಟನ್ನು ಅಂಟಿನೊಡನೆ ಒತ್ತಿ ಮಾಡಿದ ಅಗ್ಗದ ಹಲಗೆ ಈ ತೇವವನ್ನು ಹೀರಿ ಉಬ್ಬುತ್ತದೆ. ಒಣಗಿದರೂ ಮೊದಲಿನ ಆಕಾರಕ್ಕೆ ಮರಳುವುದಿಲ್ಲ. ನಾನಿದ್ದ ಬಾಡಿಗೆಯ ಮನೆಯೊಂದರಲ್ಲಿ ಅಂಥ ಮರೆಯ ಕೆಳಅಂಚು ಒಂದೇ ಮಳೆಗಾಲದಲ್ಲಿ ನೆನೆದ ಅವಲಕ್ಕಿಯಂತಾಯಿತು. ಒಂದೇ ಮರದ ಹಲಗೆಯೂ ಎಳೆಗಳಿಗೆ ಅಡ್ಡಲಾಗಿ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದು ಅತ್ಯಲ್ಪ. ಪ್ಲೈವುಡ್ಡಿನಲ್ಲಿ ಒಂದು ಪದರದ ಎಳೆಗಳು ಮುಂದಿನದಕ್ಕೆ ಅಡ್ಡಲಾಗಿರುವುದರಿಂದ ಪದರಗಳು ಒಂದನ್ನೊಂದು ತಡೆದು ಹಿಡಿಯುತ್ತವೆ. ಆದರೆ ಅಂಟು ಬಿಟ್ಟರೆ ಎಲ್ಲವೂ ಬಿಟ್ಟಂತೆ, ಐ.ಎಸ್. 710 ಎಂಬ ಭಾರತೀಯ ಮಾನಕದ ಪ್ಲೈವುಡ್ಡಿನ ಅಂಟು ಕುದಿನೀರನ್ನೂ ತಾಳತಕ್ಕದ್ದು.

ಜಿಪ್ಸಮ್ ಹಲಗೆಗೆ ಗೆದ್ದಲಿನ ಭಯ ಕಡಿಮೆ, ಬೆಂಕಿಯ ಭಯ ಇನ್ನೂ ಕಡಿಮೆ. ಜಿಪ್ಸಮ್ಮಿನ ತೂಕದಲ್ಲಿ ಐದರಲ್ಲೊಂದು ಭಾಗ ನೀರೇ. ಕಾದಾಗ ಅದು ಆವಿಯಾಗಿ ಹೊರಟು ಉಷ್ಣವನ್ನು ಕೊಂಡೊಯ್ಯುತ್ತದೆ. ಆದರೆ ನೆನೆದರೆ ಇದರ ಬಲ ಕುಗ್ಗುವುದು. ಛಾವಣಿ ಸೋರುವ ಮನೆಗೆ ಇದು ಸಲ್ಲದು; ಅಲ್ಲಿ ಸಿಮೆಂಟು ನಾರಿನ ಹಲಗೆಯೇ ಮೇಲು, ಕೊಯ್ಯುವಾಗ ಅದರ ಧೂಳನ್ನು ಮಾತ್ರ ಉಸಿರಾಡಬಾರದು. ಚೌಕಟ್ಟಿಗೆ ಸತುವು ಲೇಪಿಸಿದ ಉಕ್ಕಿನ ಪಟ್ಟಿ ಸಾಕು. ಯಾವ ಹಲಗೆಯಾದರೂ ಮೇಲೊಂದು ಕೆಳಗೊಂದು ಜಾಲರಿಯ ಕಿಂಡಿ ಇರಲಿ. ಗಾಳಿಯಾಡದಿದ್ದರೆ ಒಳಹೊಕ್ಕ ತೇವ ಅಲ್ಲಿಯೇ ನಿಂತು ಬೂಷ್ಟು ಹಿಡಿಯುವುದು.

ಹಣ ತೆರುವ ಮುನ್ನ ಬಡಗಿಯಿಂದ ಪ್ರತಿಯೊಂದು ಹಲಗೆಯ ಬೆರಳುದ್ದದ ತುಂಡನ್ನು ಕೇಳಿ ತನ್ನಿರಿ. ತೂಕವನ್ನೂ ದಪ್ಪವನ್ನೂ ಬರೆದಿಟ್ಟು, ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿ, ಮತ್ತೆ ಅಳೆಯಿರಿ. ಕಾಲೇಜಿನ ತಕ್ಕಡಿ ಮತ್ತು ವರ್ನಿಯರ್ ಮಾಪಕಗಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ದೊರೆಯುವುದು ಅಪರೂಪ.