ನರ್ಸಮ್ಮನ ನಂಬರು



ನಮ್ಮ ಬಾಳಿನಲ್ಲಿ ಎಷ್ಟೊಂದು ನಂಬರುಗಳಿವೆ! ಹೊಲಕ್ಕೆ ಸರ್ವೆ ನಂಬರು ಇದೆ. ಪಡಿತರ ಚೀಟಿಗೆ ನಂಬರು ಇದೆ. ಬ್ಯಾಂಕಿನ ಪಾಸ್ ಪುಸ್ತಕಕ್ಕೆ ನಂಬರು ಇದೆ. ಊರಿಗೆ ಬರುವ ಬಸ್ಸಿಗೂ ನಂಬರು ಇದೆ. ನಂಬರು ಇದ್ದರೆ ಲೆಕ್ಕ ಇದೆ. ಲೆಕ್ಕ ಇದ್ದರೆ ಕೇಳೋರು ಇದ್ದಾರೆ ಅಂತ ಅರ್ಥ.

ನಮಗೆ ಸೂಜಿ ಹಾಕುವ ನರ್ಸಮ್ಮನಿಗೂ ಒಂದು ನಂಬರು ಇರುತ್ತದೆ. ಅದು ನಿಮಗೆ ಗೊತ್ತೇ? ಅದಕ್ಕೆ ನೋಂದಣಿ ಸಂಖ್ಯೆ ಎಂದು ಹೆಸರು. ಜನ ರಿಜಿಸ್ಟ್ರೇಷನ್ ನಂಬರು ಅಂತಾರೆ. ಈ ನಂಬರು ಇಲ್ಲದಿದ್ದರೆ ಎಷ್ಟು ಓದಿದ್ದರೂ ಆಕೆ ಕಾನೂನಿನ ಲೆಕ್ಕದಲ್ಲಿ ನರ್ಸ್ ಅಲ್ಲ. ನಿಮ್ಮ ಮಗಳು "ನರ್ಸ್ ಆಗ್ತೀನವ್ವಾ" ಎಂದರೆ, ನೀವು ಮೊದಲು ತಿಳಿಯಬೇಕಾದದ್ದು ಈ ನಂಬರಿನ ವಿಷಯ.

ನಂಬರು ಯಾಕೆ ಬಂತು?

ಹಿಂದೆ ಹೆರಿಗೆ ಮನೆಯಲ್ಲೇ ಆಗುತ್ತಿತ್ತು. ಊರಿನ ಸೂಲಗಿತ್ತಿ ಬರುತ್ತಿದ್ದಳು. ಆಕೆಗೆ ನಂಬರು ಬೇಕಿರಲಿಲ್ಲ. ಆಕೆಯ ಕೈಗುಣ ಊರಿಗೇ ಗೊತ್ತಿತ್ತು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರ ಹೆಸರು ನೀವು ಕೇಳಿರಬಹುದು. ಅವರು ಶಾಲೆ ಕಲಿತವರಲ್ಲ. ಸಾವಿರಾರು ಹೆರಿಗೆ ಮಾಡಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂತು. ಅದೇ ವರ್ಷ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಈಗ ಕಾಲ ಬೇರೆ. ನಾವು ತಾಲ್ಲೂಕಿಗೆ, ಜಿಲ್ಲೆಗೆ, ಬೆಂಗಳೂರಿಗೆ ಆಸ್ಪತ್ರೆ ಹುಡುಕಿಕೊಂಡು ಹೋಗುತ್ತೇವೆ. ಅಲ್ಲಿ ಯಾರ ಗುರುತೂ ಇರುವುದಿಲ್ಲ. ಬಿಳಿ ಬಟ್ಟೆ ಹಾಕಿದವರೆಲ್ಲ ನರ್ಸೇ? ಕೊರಳಿಗೆ ಕೊಳವೆ ಹಾಕಿದವರೆಲ್ಲ ಡಾಕ್ಟರೇ? ಗುರುತಿಲ್ಲದವರನ್ನು ನಂಬುವುದು ಹೇಗೆ?

ಅದಕ್ಕೇ ಒಂದು ದೊಡ್ಡ ಪುಸ್ತಕ ಮಾಡಿದರು. ಸರಿಯಾಗಿ ಕಲಿತು ಪಾಸಾದವರ ಹೆಸರನ್ನು ಮಾತ್ರ ಅದರಲ್ಲಿ ಬರೆದರು. ಪ್ರತಿ ಹೆಸರಿಗೂ ಒಂದು ನಂಬರು ಕೊಟ್ಟರು. ಇದೇ ರಿಜಿಸ್ಟರು. ನರ್ಸುಗಳಿಗಾಗಿಯೇ ಇಂಥ ಕಾನೂನನ್ನು ಮೊದಲು ಮಾಡಿದ್ದು ನ್ಯೂಜಿಲೆಂಡ್ ಎಂಬ ದೇಶ. ಅದು 1901ರಲ್ಲಿ. ನಮ್ಮ ಕಡೆ ಮದರಾಸು ಪ್ರಾಂತ್ಯದಲ್ಲಿ 1926ರಲ್ಲಿ ನರ್ಸುಗಳ ಮತ್ತು ಸೂಲಗಿತ್ತಿಯರ ಕಾಯ್ದೆ ಬಂತು. ಆಗ ನಮ್ಮ ಮಂಗಳೂರು, ಬಳ್ಳಾರಿ ಆ ಪ್ರಾಂತ್ಯಕ್ಕೇ ಸೇರಿದ್ದವು. ಇಡೀ ದೇಶಕ್ಕೆ 1947ರಲ್ಲಿ ಕಾಯ್ದೆ ಆಯಿತು. ನಮ್ಮ ರಾಜ್ಯ 1961ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿತು. 2023ರಲ್ಲಿ ಸಂಸತ್ತು ಇನ್ನೊಂದು ಹೊಸ ಕಾಯ್ದೆ ಮಾಡಿತು. ರಾಜ್ಯಕ್ಕೊಂದು ರಿಜಿಸ್ಟರು, ಜೊತೆಗೆ ಇಡೀ ದೇಶಕ್ಕೆ ಒಂದು ರಿಜಿಸ್ಟರು ಇರಬೇಕೆಂದು ಅದು ಹೇಳುತ್ತದೆ.

ನಂಬರು ಕೊಡುವವರು ಯಾರು?

ನಮ್ಮ ರಾಜ್ಯದಲ್ಲಿ ಈ ಕೆಲಸ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲಿನದು. ಅದರ ಕಚೇರಿ ಬೆಂಗಳೂರಿನಲ್ಲಿದೆ. ಕಾಲೇಜು ನಂಬರು ಕೊಡುವುದಿಲ್ಲ. ಆಸ್ಪತ್ರೆ ನಂಬರು ಕೊಡುವುದಿಲ್ಲ. ಏಜೆಂಟನಂತೂ ಕೊಡಲಾರ. ಕೌನ್ಸಿಲ್ ಮಾತ್ರ ಕೊಡುತ್ತದೆ.

ಮೂರು ಓದಿಗೆ ಈ ನಂಬರು ಸಿಗುತ್ತದೆ.

ಎ.ಎನ್.ಎಂ. - 2 ವರ್ಷದ ಓದು.
ಜಿ.ಎನ್.ಎಂ. - 3 ವರ್ಷದ ಓದು.
ಬಿ.ಎಸ್ಸಿ. ನರ್ಸಿಂಗ್ - 4 ವರ್ಷದ ಓದು.

ಮೂರಕ್ಕೂ ಮೊದಲು ಪಿ.ಯು.ಸಿ. ಪಾಸಾಗಿರಬೇಕು. ಬಿ.ಎಸ್ಸಿ. ನರ್ಸಿಂಗಿಗೆ ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿರಬೇಕು.

"ಆರು ತಿಂಗಳಲ್ಲಿ ನರ್ಸ್ ಆಗಿ" ಎಂದು ಗೋಡೆಯ ಮೇಲೆ ಬರೆದಿರುತ್ತಾರೆ. ಆ ಓದು ಓದಿದವರಿಗೆ ಆಸ್ಪತ್ರೆಯಲ್ಲಿ ಸಹಾಯಕಿಯ ಕೆಲಸ ಸಿಗಬಹುದು. ಆದರೆ ನರ್ಸ್ ಎಂಬ ನೋಂದಣಿ ಸಿಗುವುದಿಲ್ಲ. ಸಹಾಯಕಿಯ ಕೆಲಸ ಕೀಳಲ್ಲ. ಆದರೆ ನರ್ಸಿನ ಓದು ಎಂದು ಹೇಳಿ ಹಣ ಕಿತ್ತುಕೊಂಡರೆ ಅದು ಮೋಸ.

ಕಾಲೇಜಿಗೆ ಹಣ ಕಟ್ಟುವ ಮೊದಲು

ಮಗಳ ಓದಿಗೆ ನಾವು ಏನೆಲ್ಲ ಮಾಡುತ್ತೇವೆ! ಓಲೆ ಅಡವಿಡುತ್ತೇವೆ. ಸಂಘದಲ್ಲಿ ಸಾಲ ತೆಗೆಯುತ್ತೇವೆ. ಹಸು ಮಾರುತ್ತೇವೆ. ಮೂರು ವರ್ಷ ಆದ ಮೇಲೆ "ಈ ಕಾಲೇಜಿಗೆ ಮಾನ್ಯತೆ ಇಲ್ಲ, ನಂಬರು ಕೊಡೋಕಾಗಲ್ಲ" ಎಂದರೆ ಯಾರನ್ನು ಕೇಳುವುದು? ಹೋದ ಹಣ ಬಾರದು. ಹೋದ ವರ್ಷವಂತೂ ಬಾರದು.

ಆದ್ದರಿಂದ ಮೊದಲೇ ಕೇಳಿ:

"ಸಾರ್, ನಿಮ್ಮ ಕಾಲೇಜಿಗೆ ರಾಜ್ಯ ನರ್ಸಿಂಗ್ ಕೌನ್ಸಿಲಿನ ಮಾನ್ಯತೆ ಇದೆಯಾ? ಈ ವರ್ಷದ ಪತ್ರ ತೋರಿಸಿ."

"ಪರೀಕ್ಷೆ ಯಾರು ಮಾಡ್ತಾರೆ?"

ಬಿ.ಎಸ್ಸಿ. ನರ್ಸಿಂಗಿನ ಪರೀಕ್ಷೆಯನ್ನು ನಮ್ಮಲ್ಲಿ ಸಾಮಾನ್ಯವಾಗಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ನಡೆಸುತ್ತದೆ. ಜಿ.ಎನ್.ಎಂ. ಪರೀಕ್ಷೆಗೆ ಬೇರೆ ರಾಜ್ಯ ಪರೀಕ್ಷಾ ಮಂಡಳಿ ಇದೆ. "ನಾವೇ ಪರೀಕ್ಷೆ ಮಾಡ್ತೀವಿ, ನಾವೇ ಸರ್ಟಿಫಿಕೇಟ್ ಕೊಡ್ತೀವಿ" ಎಂದರೆ ಅಲ್ಲಿಂದ ಎದ್ದು ಬನ್ನಿ.

ಕಾಲೇಜಿನವರ ಮಾತಿಗೇ ನಿಲ್ಲಬೇಡಿ. ಕೌನ್ಸಿಲಿನಲ್ಲೂ ವಿಚಾರಿಸಿ. ಬೆಂಗಳೂರಿಗೆ ಹೋಗಿಯೇ ಕೇಳಬೇಕೆಂದಿಲ್ಲ. ಮಗಳು ಮೊಬೈಲಿನಲ್ಲೇ ನೋಡಬಹುದು. ನಿಮ್ಮ ಊರಿನ ಸರ್ಕಾರಿ ಆಸ್ಪತ್ರೆಯ ನರ್ಸಮ್ಮನನ್ನು ಕೇಳಿದರೂ ದಾರಿ ತೋರಿಸುತ್ತಾರೆ.

ನೋಂದಣಿಗೆ ಶುಲ್ಕ ಯಾಕೆ?

"ಓದೋಕೆ ಅಷ್ಟು ಹಣ ಕಟ್ಟಿದ್ದಾಯ್ತು. ಮತ್ತೆ ಹೆಸರು ಬರೆಸೋಕೂ ಹಣವಾ?" ಎಂದು ತಾಯಂದಿರು ಕೇಳುತ್ತಾರೆ. ಕೇಳಬೇಕಾದ ಮಾತೇ.

ಕೌನ್ಸಿಲ್ ಸುಮ್ಮನೆ ಹೆಸರು ಬರೆದುಕೊಳ್ಳುವುದಿಲ್ಲ. ಅಂಕಪಟ್ಟಿ ನಿಜವೇ ಎಂದು ನೋಡುತ್ತದೆ. ರಿಜಿಸ್ಟರನ್ನು ಕಾಪಾಡುತ್ತದೆ. ನರ್ಸಿನ ಮೇಲೆ ದೂರು ಬಂದರೆ ವಿಚಾರಿಸುತ್ತದೆ. ಈ ಕೆಲಸದ ಖರ್ಚಿಗೆ ಶುಲ್ಕ.

ಶುಲ್ಕದಲ್ಲಿ ಹಲವು ಬಗೆ ಇವೆ. ಮೊದಲ ಸಲ ಹೆಸರು ಬರೆಸಲು ಒಂದು ಶುಲ್ಕ. ಅದನ್ನು ಮುಂದುವರಿಸಲು ಒಂದು ಶುಲ್ಕ. ತಡವಾದರೆ ದಂಡ. ಬೇರೆ ರಾಜ್ಯಕ್ಕೆ, ಬೇರೆ ದೇಶಕ್ಕೆ ಕೆಲಸಕ್ಕೆ ಹೋಗಲು ಪತ್ರ ಬೇಕಾದರೆ ಅದಕ್ಕೂ ಶುಲ್ಕ. ಈ ಶುಲ್ಕಗಳು ಆಗಾಗ ಬದಲಾಗುತ್ತವೆ. ಕಟ್ಟುವ ದಿನ ಎಷ್ಟಿದೆ ಎಂದು ಕೌನ್ಸಿಲಿನ ಪಟ್ಟಿಯಲ್ಲೇ ಓದಿ. ಯಾರೋ ಹೇಳಿದ ಲೆಕ್ಕ ಬೇಡ.

ಕಾಲೇಜಿನವರು "ಎಲ್ಲರ ಅರ್ಜಿ ಒಟ್ಟಿಗೆ ಕಳಿಸ್ತೀವಿ, ಇಷ್ಟು ಕೊಡಿ" ಎನ್ನಬಹುದು. ಆಗ ಮೂರು ಮಾತು ಕೇಳಿ. ಇದರಲ್ಲಿ ಕೌನ್ಸಿಲಿಗೆ ಎಷ್ಟು? ಉಳಿದದ್ದು ಯಾತಕ್ಕೆ? ರಶೀದಿ ಎಲ್ಲಿ? ರಶೀದಿ ಇಲ್ಲದ ಹಣ ನೀರಿನಲ್ಲಿ ಬರೆದ ಲೆಕ್ಕ.

ಹೆಸರು ಸರಿಯಾಗಿರಲಿ

ಇದು ಚಿಕ್ಕ ವಿಷಯ ಎನಿಸಬಹುದು. ಆದರೆ ಅನೇಕರು ಇಲ್ಲೇ ಎಡವುತ್ತಾರೆ. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಒಂದು ಹೆಸರು. ಆಧಾರ್ ಚೀಟಿಯಲ್ಲಿ ಇನ್ನೊಂದು ಹೆಸರು. ಒಂದರಲ್ಲಿ ಅಪ್ಪನ ಹೆಸರಿನ ಅಕ್ಷರ ಮುಂದೆ, ಇನ್ನೊಂದರಲ್ಲಿ ಹಿಂದೆ. ಇದರಿಂದ ಅರ್ಜಿ ನಿಂತುಬಿಡುತ್ತದೆ. ನೀವು ಈಗ ಓದಬಲ್ಲಿರಿ. ಮಗಳ ಕಾಗದಗಳನ್ನು ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿ. ತಪ್ಪಿದ್ದರೆ ಈಗಲೇ ತಿದ್ದಿಸಿ.

ಮದುವೆಯಾದ ಮೇಲೆ ಹೆಸರು ಬದಲಾದರೆ ಕೌನ್ಸಿಲಿಗೂ ತಿಳಿಸಬೇಕು.

ಕೆಲಸ ಬಿಟ್ಟರೂ ನೋಂದಣಿ ಬಿಡಬೇಡಿ

ನೋಂದಣಿ ಒಮ್ಮೆ ಮಾಡಿಸಿದರೆ ಮುಗಿಯಲಿಲ್ಲ. ಐದು ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು. ಅಂದರೆ ಮತ್ತೆ ಹೊಸದು ಮಾಡಿಸಬೇಕು.

ನಮ್ಮ ಹೆಣ್ಣುಮಕ್ಕಳು ಮದುವೆ, ಹೆರಿಗೆ ಅಂತ ಕೆಲಸ ಬಿಡುತ್ತಾರೆ. ನೋಂದಣಿಯನ್ನೂ ಮರೆಯುತ್ತಾರೆ. ಮಕ್ಕಳು ದೊಡ್ಡವಾದ ಮೇಲೆ, ಇಲ್ಲವೇ ಮನೆಗೆ ಕಷ್ಟ ಬಂದಾಗ, ಮತ್ತೆ ಕೆಲಸ ಬೇಕಾಗುತ್ತದೆ. ಆಗ ನೋಂದಣಿ ಹಳೆಯದಾಗಿದ್ದರೆ ಅಲೆದಾಟ, ದಂಡ, ಕಾಯುವುದು. ಹೊಲ ಒಂದು ವರ್ಷ ಬೀಳು ಬಿಟ್ಟರೂ ಕಂದಾಯ ಕಟ್ಟುತ್ತೇವೆ. ಹೊಲ ನಮ್ಮದಾಗಿಯೇ ಉಳಿಯಲಿ ಅಂತ. ನೋಂದಣಿಯೂ ಹಾಗೆಯೇ. ಅದು ಮಗಳ ಸ್ವಂತ ಆಸ್ತಿ. ಗಂಡನ ಮನೆಗೆ ಹೋಗುವಾಗ ಬಟ್ಟೆ ಬರೆಯ ಜೊತೆ ಆ ಸರ್ಟಿಫಿಕೇಟೂ ಪೆಟ್ಟಿಗೆಯಲ್ಲಿರಲಿ.

ಇದರಿಂದ ನಮಗೇನು?

ಮಗಳು ನರ್ಸ್ ಆಗದಿದ್ದರೂ ನೋಂದಣಿಯ ವಿಷಯ ನಮಗೆ ಬೇಕು. ಕಾಯಿಲೆ ಬೀಳುವವರು ನಾವೇ ತಾನೆ?

ಡಾಕ್ಟರಿಗೂ ಇಂಥ ನಂಬರು ಇದೆ. ಅವರು ಬರೆದುಕೊಡುವ ಔಷಧಿ ಚೀಟಿಯಲ್ಲಿ, ಹಣದ ರಶೀದಿಯಲ್ಲಿ ಅದು ಇರಬೇಕು. ನೋಂದಣಿ ಇಲ್ಲದೆ ಡಾಕ್ಟರ ಕೆಲಸ ಮಾಡಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. 2019ರ ಕಾಯ್ದೆ ಹೀಗೆ ಹೇಳುತ್ತದೆ.

ಖಾಸಗಿ ಆಸ್ಪತ್ರೆಗೂ ನೋಂದಣಿ ಬೇಕು. ಇದು ನಮ್ಮ ರಾಜ್ಯದ 2007ರ ಕಾಯ್ದೆ. ಆಸ್ಪತ್ರೆ ತನ್ನ ನೋಂದಣಿ ಸಂಖ್ಯೆಯನ್ನು ಬೋರ್ಡಿನಲ್ಲಿ ಬರೆಸಬೇಕು. ಯಾವ ಚಿಕಿತ್ಸೆಗೆ ಎಷ್ಟು ಹಣ ಎಂಬುದನ್ನೂ ಜನರಿಗೆ ತಿಳಿಸಬೇಕು. ಇಂಗ್ಲಿಷ್ ಔಷಧಿಯ ಆಸ್ಪತ್ರೆಗೆ ನೀಲಿ ಬೋರ್ಡು, ಆಯುರ್ವೇದದ ಆಸ್ಪತ್ರೆಗೆ ಹಸಿರು ಬೋರ್ಡು ಇರಬೇಕೆಂದು ಸರ್ಕಾರ 2024ರಲ್ಲಿ ಹೇಳಿತು. ದೂರು ಇದ್ದರೆ ಜಿಲ್ಲಾ ಆರೋಗ್ಯಾಧಿಕಾರಿಗೆ ಕೊಡಬಹುದು.

ನಂಬರು ಇದ್ದವರೆಲ್ಲ ತಪ್ಪೇ ಮಾಡುವುದಿಲ್ಲ ಎಂದಲ್ಲ. ಆದರೆ ಅವರು ದೊಡ್ಡ ತಪ್ಪು ಮಾಡಿದರೆ ಆ ಹೆಸರನ್ನು ರಿಜಿಸ್ಟರಿನಿಂದ ತೆಗೆಯಬಹುದು. ಹೆಸರೇ ಇಲ್ಲದವರ ಹೆಸರನ್ನು ಎಲ್ಲಿಂದ ತೆಗೆಯುವುದು?

ಹಿಂದೆ ನಾವು ಬೋರ್ಡಿನ ಕೆಳಗೆ ಕೂತು ಸರದಿ ಕಾಯುತ್ತಿದ್ದೆವು. ಬೋರ್ಡಿನಲ್ಲಿ ಏನಿದೆ ಎಂದು ತಿಳಿಯುತ್ತಿರಲಿಲ್ಲ. ಈಗ ತಲೆ ಎತ್ತಿ ಓದೋಣ. ಅರ್ಥವಾಗದಿದ್ದರೆ ಕೇಳೋಣ.

ನೆನಪಿಡಿ

1. ಕಾಲೇಜಿಗೆ ಹಣ ಕಟ್ಟುವ ಮೊದಲು ಮಾನ್ಯತೆಯ ಪತ್ರ ನೋಡಿ.
2. ಶುಲ್ಕ ಕಟ್ಟಿದರೆ ರಶೀದಿ ಪಡೆಯಿರಿ.
3. ಎಲ್ಲ ಕಾಗದಗಳಲ್ಲೂ ಹೆಸರು ಒಂದೇ ರೀತಿ ಇರಲಿ.
4. ಐದು ವರ್ಷಕ್ಕೊಮ್ಮೆ ನವೀಕರಣ ಮಾಡಿಸಿ.

ಹೊಸ ಪದಗಳು

ನೋಂದಣಿ - ರಿಜಿಸ್ಟರಿನಲ್ಲಿ ಹೆಸರು ಬರೆಸುವುದು
ಶುಲ್ಕ - ಕಟ್ಟಬೇಕಾದ ಹಣ, ಫೀಸು
ಮಾನ್ಯತೆ - ಒಪ್ಪಿಗೆ
ನವೀಕರಣ - ಮತ್ತೆ ಹೊಸದು ಮಾಡಿಸುವುದು

ನೀವೇ ಮಾಡಿ

ನಿಮ್ಮ ಮನೆಯಲ್ಲಿರುವ ಒಂದು ಔಷಧಿ ಚೀಟಿ ತನ್ನಿ. ಅದರಲ್ಲಿ ಡಾಕ್ಟರ ನೋಂದಣಿ ಸಂಖ್ಯೆ ಎಲ್ಲಿದೆ? ಹುಡುಕಿ, ನಿಮ್ಮ ಪುಸ್ತಕದಲ್ಲಿ ಬರೆಯಿರಿ.