ಮನೆಯ ನಡುಗೋಡೆಯೂ ಪಂಚಾಯತಿಯ ಪರವಾನಗಿಯೂ

ರಾಯಚೂರಿನಿಂದ ಮಂತ್ರಾಲಯದ ಕಡೆಗೆ ಹೋಗುವ ದಾರಿಯಲ್ಲಿರುವ ಗಿಲ್ಲೆಸುಗೂರು ಮತ್ತು ಅದರ ಸುತ್ತಲಿನ ಊರುಗಳಲ್ಲಿ ಹಳೆಯ ಮನೆಗಳನ್ನು ಅಂಕಣದ ಲೆಕ್ಕದಿಂದ ಅಳೆಯುವದು ಹಿರಿಯರಿಂದ ಬಂದ ರೂಢಿಯಾಗಿದೆ. ಕಂಬದಿಂದ ಕಂಬಕ್ಕೆ ಒಂದು ಅಂಕಣ. ಮೇಲೆ ತೊಲೆ, ಜಂತಿ, ಮಣ್ಣಿನ ಮಾಳಿಗೆ. ಮುಂದೆ ಕಟ್ಟೆ, ಒಳಗೆ ಪಡಸಾಲೆ, ಹಿಂದೆ ಹಿತ್ತಲು. ತಂದೆ ತೀರಿಕೊಂಡು ಅಣ್ಣತಮ್ಮಂದಿರ ಒಲೆಗಳು ಬೇರೆಯಾದುವೆಂದರೆ, ಊರ ಹಿರಿಯರು ಕೂಡಿ, ಇಷ್ಟು ಅಂಕಣ ಅಣ್ಣನಿಗೆ, ಇಷ್ಟು ತಮ್ಮನಿಗೆ ಎಂದು ಹೇಳಿ ಎದ್ದು ಹೋಗುತ್ತಾರೆ. ಸ್ವಲ್ಪ ದಿನಗಳಲ್ಲಿಯೇ ಪಡಸಾಲೆಯ ನಟ್ಟನಡುವೆ ಗೋಡೆಯೊಂದು ನಿಲ್ಲುತ್ತದೆ. ಪಂಚಾಯತಿಯ ಕಚೇರಿಗೆ ಒಂದು ಅರ್ಜಿಯನ್ನು ಕೊಡಬೇಕೆಂಬ ವಿಚಾರವು ಆ ಸಭೆಯಲ್ಲಿ ಯಾರಿಗೂ ಹೊಳೆಯುವದಿಲ್ಲ.

ತಮ್ಮ ಮನೆಯೊಳಗೆ ತಾವು ಗೋಡೆ ಹಾಕಿಕೊಳ್ಳಲು ಪಂಚಾಯತಿಯನ್ನೇಕೆ ಕೇಳಬೇಕೆಂದು ವಾಚಕರಲ್ಲಿ ಕೆಲವರು ಪ್ರಶ್ನಿಸಬಹುದು. 1993ರ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮವು, ಅಂದರೆ ಈಗ ಗ್ರಾಮ ಸ್ವರಾಜ್ ಎಂಬ ಹೆಸರನ್ನೂ ಕೂಡಿಸಿಕೊಂಡಿರುವ ಅದೇ ಕಾನೂನು, ತನ್ನ 64ನೆಯ ಪ್ರಕರಣದಲ್ಲಿ ಇದಕ್ಕೆ ಉತ್ತರ ಕೊಟ್ಟಿದೆ. ಗ್ರಾಮ ಪಂಚಾಯತಿಯ ಲಿಖಿತ ಪರವಾನಗಿಯಿಲ್ಲದೆ ಯಾರೂ ಹೊಸ ಕಟ್ಟಡವನ್ನು ಕಟ್ಟಕೂಡದು. ಇದ್ದ ಕಟ್ಟಡವನ್ನು ಮಾರ್ಪಡಿಸಕೂಡದು, ಅದಕ್ಕೆ ಸೇರಿಸಕೂಡದು, ಅದನ್ನು ಮತ್ತೆ ಕಟ್ಟಕೂಡದು. ಆದರೆ ಒಂದು ಮನೆ ಎರಡಾಗುವ ಮಾತನ್ನು ಈ ಪ್ರಕರಣವು ಬಾಯಿಬಿಟ್ಟು ಹೇಳುವದಿಲ್ಲ. ಇಂಗ್ಲೆಂಡಿನವರು ಈ ವಿಷಯದಲ್ಲಿ ಹೆಚ್ಚು ಸ್ಪಷ್ಟವಾಗಿದ್ದಾರೆ. ಅವರ 1947ರ ನಗರ ಮತ್ತು ಗ್ರಾಮ ಯೋಜನಾ ಕಾಯಿದೆಯು, ಒಂದೇ ಕುಟುಂಬದ ವಾಸದ ಮನೆಯನ್ನು ಎರಡು ಅಥವಾ ಹೆಚ್ಚು ಪ್ರತ್ಯೇಕ ವಾಸಗಳಾಗಿ ಬಳಸಿದರೆ ಅದು ಉಪಯೋಗದ ಮಹತ್ತರ ಬದಲಾವಣೆಯೇ ಸರಿ, ಅದಕ್ಕೆ ಅನುಮತಿ ಬೇಕು ಎಂದು ಸಾರಿತು. 1990ರ ಕಾಯಿದೆಯಲ್ಲಿಯೂ ಆ ಮಾತು ಉಳಿದಿದೆ. ಅಲ್ಲಿಯ ಕಾನೂನು ನೋಡುವದು ಒಲೆಗಳನ್ನು. ನಮ್ಮದು ನೋಡುವದು ಗೋಡೆಯನ್ನು. ನಮ್ಮ ಅಭಿಪ್ರಾಯದಲ್ಲಿ ಒಲೆಗಳನ್ನು ನೋಡುವದೇ ಹೆಚ್ಚು ವಿವೇಕದ ದಾರಿ. ಏಕೆಂದರೆ ತೊಡಕು ಹುಟ್ಟುವದು ಗೋಡೆಯಿಂದಲ್ಲ, ಒಬ್ಬರಿಗಾಗಿ ಕಟ್ಟಿದ ಮನೆಯಲ್ಲಿ ಇಬ್ಬರ ಸಂಸಾರ ನಡೆಯುವದರಿಂದ.

ಆ ತೊಡಕು ಎಂತಹದೆಂಬುದನ್ನು ನೋಡೋಣ. ತಲೆಬಾಗಿಲು ಒಬ್ಬನ ಪಾಲಿಗೆ ಬರುತ್ತದೆ, ಹಿತ್ತಲ ಬಾಗಿಲು ಮತ್ತೊಬ್ಬನಿಗೆ. ಹಿಂದಿನವನು ಬೀದಿಗೆ ಬರಲು ಮುಂದಿನವನ ದಯೆಯನ್ನು ಕಾಯಬೇಕು. ಮುಂದಿನವನ ಬಚ್ಚಲ ನೀರು ಹಿಂದಿನವನ ಹಿತ್ತಲಲ್ಲಿ ಹರಿಯಬೇಕು. ಬೆಳಕಿಂಡಿಯೊಂದು ಒಂದು ಪಾಲಿನಲ್ಲಿ ಉಳಿದರೆ ಮತ್ತೊಂದು ಪಾಲು ಹಗಲಿನಲ್ಲಿಯೂ ಕತ್ತಲೆ. ಇವೆಲ್ಲಕ್ಕಿಂತ ಭಯಂಕರವಾದುದು ಮಾಳಿಗೆಯ ಸಂಗತಿ. ನಡುಗೋಡೆಯು ನೆಲವನ್ನು ಹಂಚುತ್ತದೆಯೇ ಹೊರತು ತೊಲೆಯನ್ನು ಹಂಚುವದಿಲ್ಲ. ತೊಲೆಗಳು ಎರಡೂ ಪಾಲುಗಳನ್ನು ದಾಟಿ ಮಲಗಿರುತ್ತವೆ. ಹತ್ತು ವರುಷಗಳ ತರುವಾಯ ತಮ್ಮನು ಸ್ವಲ್ಪ ಹಣ ಕೂಡಿಸಿ ತನ್ನ ಪಾಲನ್ನು ಕೆಡವಿ ಸಿಮೆಂಟಿನ ಛಾವಣಿ ಹಾಕಿಸಲು ಹೊರಟನೆಂದರೆ, ಅಣ್ಣನ ಪಾಲಿನ ತೊಲೆಗಳಿಗೆ ಒಂದು ತುದಿಯ ಆಧಾರವೇ ತಪ್ಪುತ್ತದೆ. ಮಳೆಗಾಲದಲ್ಲಿ ನೆನೆದು ಭಾರವಾದ ಮಣ್ಣಿನ ಮಾಳಿಗೆಯ ಕೆಳಗೆ ಮಕ್ಕಳು ಮಲಗಿರುತ್ತಾರೆಂಬುದನ್ನು ಯಾವ ಹಿರಿಯನೂ ವಾಟ್ನಿ ಮಾಡುವಾಗ ನೆನೆಯುವದಿಲ್ಲ. ನಕ್ಷೆಯೊಂದನ್ನು ಮೊದಲೇ ಬರೆಯಿಸಿ, ಬಲ್ಲವನೊಬ್ಬನು ಅದನ್ನು ಪರಿಶೀಲಿಸಿದ್ದರೆ ನಡುವೆ ಭಾರ ಹೊರುವ ಗೋಡೆಯನ್ನೋ ಬೇರೆ ಕಂಬಗಳನ್ನೋ ಹಾಕಿಸಬಹುದಾಗಿತ್ತು.

ಇನ್ನು ಕಾಗದದ ಮಾತು. ಮನೆ ಎರಡಾದರೂ ಪಂಚಾಯತಿಯ ದಫ್ತರದಲ್ಲಿ ಅದು ಒಂದೇ. ಹಲವು ಕಡೆ ಅಜ್ಜನ ಹೆಸರೇ ಇನ್ನೂ ನಿಂತಿರುತ್ತದೆ. ಕರ ಕಟ್ಟಿದವನ ಕೈಯಲ್ಲಿ ರಸೀದಿ; ಅರ್ಧ ಹಣ ಕೊಟ್ಟವನ ಕೈಯಲ್ಲಿ ಏನೂ ಇಲ್ಲ. 2013ರಿಂದ ಬಳಕೆಗೆ ಬಂದ ಇ-ಸ್ವತ್ತು ವ್ಯವಸ್ಥೆಯಲ್ಲಿ ನಮೂನೆ 9 ಮತ್ತು 11ರ ಉತಾರ ಯಾರ ಹೆಸರಿಗಿಲ್ಲವೋ ಅವನಿಗೆ ಬ್ಯಾಂಕಿನ ಸಾಲವೂ ಕಷ್ಟ, ಮಾರಾಟವೂ ಕಷ್ಟ. ವಿದ್ಯುತ್ತಿನ ಮೀಟರು ಒಂದೇ ಇದ್ದಲ್ಲಿ, 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯ 200 ಯೂನಿಟ್ಟುಗಳ ಮಿತಿಯೊಳಗೆ ಎರಡು ಸಂಸಾರಗಳು ಇರುಕಿಕೊಳ್ಳಬೇಕು. ಮಿತಿ ಮೀರಿದರೆ ಬಿಲ್ಲಿಗಾಗಿ ಅಣ್ಣತಮ್ಮಂದಿರ ಜಗಳ.

ಹಿರಿಯರ ಆ ಸಭೆಯಲ್ಲಿ ಕರೆಯದೆ ಬಿಟ್ಟವರು ಇನ್ನೊಬ್ಬರಿದ್ದಾರೆ: ಮದುವೆಯಾಗಿ ಹೋದ ಅಕ್ಕತಂಗಿಯರು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 23ನೆಯ ಪ್ರಕರಣದಂತೆ, ಗಂಡು ವಾರಸುದಾರರು ತಾವಾಗಿ ಹಂಚಿಕೊಳ್ಳುವವರೆಗೆ ಮಗಳು ವಾಸದ ಮನೆಯಲ್ಲಿ ಪಾಲು ಒಡೆಯಲು ಕೇಳುವಂತಿರಲಿಲ್ಲ. 2005ರ ತಿದ್ದುಪಡಿಯು ಆ ಪ್ರಕರಣವನ್ನೇ ತೆಗೆದುಹಾಕಿ, ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನ ಸಮಾನ ಹಕ್ಕನ್ನು ಕೊಟ್ಟಿತು. ಬಾಯಿಮಾತಿನ ವಾಟ್ನಿಯನ್ನು ಮುಂದೆ ಮಾಡಿ ಮಗಳ ಹಕ್ಕನ್ನು ಸುಲಭವಾಗಿ ತಳ್ಳಿಹಾಕಲಾಗದೆಂದು ಸುಪ್ರೀಂ ಕೋರ್ಟು 2020ರ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿದೆ. ಆದುದರಿಂದ ಅಕ್ಕತಂಗಿಯರ ಸಹಿಯಿಲ್ಲದೆ ಎಬ್ಬಿಸಿದ ನಡುಗೋಡೆಯು ಅಣ್ಣತಮ್ಮಂದಿರಿಬ್ಬರಿಗೂ ಭದ್ರವಲ್ಲ. ವಿಭಾಗಿಸಲು ಸಾಧ್ಯವೇ ಇಲ್ಲದಷ್ಟು ಚಿಕ್ಕ ಮನೆಯಾದರೆ, ಅರ್ಧ ಅಥವಾ ಅದಕ್ಕಿಂತ ಹೆಚ್ಚಿನ ಪಾಲುದಾರರ ಬೇಡಿಕೆಯ ಮೇಲೆ ಅದನ್ನು ಮಾರಿಸಿ ಹಣ ಹಂಚುವ ಅಧಿಕಾರವನ್ನು 1893ರಷ್ಟು ಹಿಂದಿನ ವಿಭಾಗ ಕಾಯಿದೆಯೇ ನ್ಯಾಯಾಲಯಕ್ಕೆ ಕೊಟ್ಟಿದೆ. ಹುಟ್ಟಿದ ಮನೆಯು ಹರಾಜಿಗೆ ಬರುವದನ್ನು ಯಾರು ತಾನೇ ಬಯಸಿಯಾರು?

ಹೀಗಿರಲು ಸರಿಯಾದ ಕ್ರಮವೇನು? ಮೊದಲು ಇಡೀ ಮನೆಯು ಸತ್ತವರ ಹೆಸರಿನಿಂದ ಎಲ್ಲ ವಾರಸುದಾರರ ಹೆಸರಿಗೆ ಬರಬೇಕು. ಬಳಿಕ ಉದ್ದಗಲ, ಚಕ್ಕುಬಂದಿ, ದಾರಿ, ನೀರಿನ ಹರಿವು ಇವೆಲ್ಲವನ್ನು ತೋರಿಸುವ ನಕ್ಷೆಯೊಡನೆ ಮಾರ್ಪಾಟಿನ ಪರವಾನಗಿಗೆ ಎಲ್ಲರೂ ಸೇರಿ ಅರ್ಜಿ ಕೊಡಬೇಕು. ಅದೇ ನಕ್ಷೆಯನ್ನು ಲಗತ್ತಿಸಿ ವಿಭಾಗ ಪತ್ರವನ್ನು ನೋಂದಣಿ ಮಾಡಿಸಿ, ಅದರ ಆಧಾರದ ಮೇಲೆ ಬೇರೆ ಬೇರೆ ಖಾತೆಗಳನ್ನು ಕೇಳಬೇಕು. ನೆಲಮನೆ ಒಬ್ಬನಿಗೆ, ಮೇಲ್ಮನೆ ಮತ್ತೊಬ್ಬನಿಗೆ ಎಂದಾದರೆ ಮಾತು ಬೇರೆ. ನೆಲವು ಇಬ್ಬರಿಗೂ ಒಂದೇ. ಮೆಟ್ಟಿಲು, ಮಾಳಿಗೆ, ಬುನಾದಿ ಒಂದೇ. ಹೀಗೆ ನಾಲ್ಕು ಅಥವಾ ಹೆಚ್ಚು ಮನೆಗಳಿರುವ ಕಟ್ಟಡಗಳಿಗಾಗಿ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಅಧಿನಿಯಮವಿದೆ. ಒಡೆಯರೆಲ್ಲರೂ ಘೋಷಣಾ ಪತ್ರವನ್ನು ಬರೆದು ನೋಂದಾಯಿಸಿದರೆ, ಪ್ರತಿಯೊಬ್ಬನಿಗೂ ತನ್ನ ಮನೆಯ ಒಡೆತನವೂ, ನೆಲ ಮೊದಲಾದವುಗಳಲ್ಲಿ ಒಡೆಯಲಾಗದ ಪಾಲೂ ದೊರೆಯುತ್ತವೆ. ಬೆಂಗಳೂರಿನ ಬಹುಮಹಡಿಗಳಿಗೆ ಮಾತ್ರ ಈ ಕಾನೂನು ಎಂದು ತಿಳಿಯುವದು ತಪ್ಪು.

ಅಧಿಕಾರಿ ಮಹಾಶಯರಿಗೂ ಒಂದು ಮಾತು ಸಲ್ಲಬೇಕು. ಜನರು ಅರ್ಜಿ ಕೊಡದಿರುವದಕ್ಕೆ ಅಜ್ಞಾನವೊಂದೇ ಕಾರಣವಲ್ಲ. ಅರ್ಜಿಯು ಮೇಜಿನಿಂದ ಮೇಜಿಗೆ ಅಲೆಯುವದೆಂಬ ಅಂಜಿಕೆಯೂ ಕಾರಣ. ಕೂಲಿಯ ದಿನವನ್ನು ಕಳೆದುಕೊಂಡು ಬಂದವನಿಗೆ 'ನಾಳೆ ಬಾ' ಎಂದರೆ ಅವನು ನಾಳೆ ಬರುವದು ಗೋಡೆಯನ್ನು ಎಬ್ಬಿಸಿದ ಮೇಲೆಯೇ. ಮನೆ ಒಡೆಯುವವರಿಗಾಗಿ ಪಂಚಾಯತಿಯು ಒಂದು ಮಾದರಿ ನಕ್ಷೆಯನ್ನೂ ಬೇಕಾದ ಕಾಗದಗಳ ಯಾದಿಯನ್ನೂ ಗೋಡೆಯ ಮೇಲೆ ಹಚ್ಚಿದರೆ ಹೆಚ್ಚಿನ ಖರ್ಚೇನೂ ಇಲ್ಲ. ಪರವಾನಗಿ ಕೊಡುವಾಗ ಶುಲ್ಕದ ಅಂಕಿಯೊಂದನ್ನೇ ನೋಡದೆ, ಹಿಂದಿನ ಪಾಲಿಗೆ ದಾರಿಯಿದೆಯೇ, ಬೆಳಕಿದೆಯೇ, ತೊಲೆಗೆ ಆಧಾರವಿದೆಯೇ ಎಂದು ಸ್ಥಳಕ್ಕೆ ಹೋಗಿ ನೋಡುವದು ಅವರ ಕೆಲಸ.

2020ರಲ್ಲಿ ಕೇಂದ್ರ ಸರಕಾರವು ಸ್ವಾಮಿತ್ವ ಎಂಬ ಯೋಜನೆಯನ್ನು ಆರಂಭಿಸಿ, ಗಾವಠಾಣದ ಮನೆಗಳನ್ನು ಡ್ರೋನಿನಿಂದ ಅಳೆದು ಹಕ್ಕಿನ ಪತ್ರ ಕೊಡುವ ಕೆಲಸವನ್ನು ಕೈಕೊಂಡಿತು. ಅಳೆಯುವದಕ್ಕೆ ಮುಂಚೆ ಒಡೆಯರು ತಮ್ಮ ಮೇರೆಯನ್ನು ಸುಣ್ಣದಿಂದ ಗುರುತಿಸಿ ತೋರಿಸಬೇಕು. ಆದರೆ ಆಕಾಶದಿಂದ ನೋಡುವ ಯಂತ್ರಕ್ಕೆ ಕಾಣುವದು ಮಾಳಿಗೆ ಮಾತ್ರ. ಒಂದೇ ಮಾಳಿಗೆಯ ಕೆಳಗಿನ ನಡುಗೋಡೆಯು ಅದಕ್ಕೆ ಕಾಣುವದಿಲ್ಲ. ಅದನ್ನು ತೋರಿಸುವ ಕಾಗದವನ್ನು ಮನೆಯವರೇ ಸಿದ್ಧಮಾಡಿಟ್ಟಿರಬೇಕು.